ಮೇಲಕ್ಕೆ ಹೋದ ಗೆರೆ

ಹೆಳವಜ್ಜ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಜೋಳದ ಸುಗ್ಗಿ ಮುಗಿದ ಮೇಲೆ. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದು ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡಿಕೊಡುತ್ತೇನೆ. ಹಿಂದಿನದರಲ್ಲಿ, ಯಾರಾದರೂ ಕೇಳಿದರೆ, ಸಣ್ಣಪುಟ್ಟ ಪ್ರೋಗ್ರಾಂ ಬರೆಯುತ್ತೇನೆ. ಅಜ್ಜನ ಹೆಗಲಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಕೆಂಪು ಅರಿವೆಯಲ್ಲಿ ಸುತ್ತಿದ ಮೂರು ಉದ್ದನೆಯ ಪುಸ್ತಕಗಳಿದ್ದವು.

ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡವರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು, ಕಟ್ಟೆಯ ಮೇಲೆ ಕೂತು, ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೇಳುತ್ತಾರೆ. ಮನೆಯವರು ಹೊಸ ಹೆಸರು ಬರೆಸಿ ಕಾಳು ಕೊಟ್ಟು ಕಳಿಸುತ್ತಾರೆ. ಈ ಅಜ್ಜನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದನಂತೆ. ಅಜ್ಜ ಬರುವುದು ಕೆಂಪು ಬಸ್ಸಿನಲ್ಲಿ. ಸಂಪಗಾಂವ, ಕಿತ್ತೂರು, ಸವದತ್ತಿ, ಮುನವಳ್ಳಿ, ರಾಮದುರ್ಗ, ಇಷ್ಟು ಅವರ ಸುತ್ತು.

"ಅಕ್ಕಾರ, ಕಣ್ಣಿಗೆ ಪರಿ ಬಂದೈತ್ರಿ" ಎಂದರು. ನಾನು ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದವಳಾದ್ದರಿಂದ ಊರಿಗೆಲ್ಲ ಅಕ್ಕಾರೇ. "ಒಂದು ಕಣ್ಣ ಆಪರೇಷನ್ ಆಗೇತಿ, ಇನ್ನೊಂದು ಆಗಬೇಕು. ಓದೂದು ತ್ರಾಸ ಆಗೇತಿ. ಬಾಯಿಲೆ ಎಲ್ಲಾ ಬರತೈತಿ. ಆದ್ರ ಬಾಯಿ ಎಷ್ಟ ದಿನ ಇದ್ದೀತು?"

ಅವರಿಗೆ ಬೇಕಾದದ್ದು ಸರಳವಾಗಿತ್ತು. ಮನೆತನದ ಪಟವನ್ನು ಆಯಾ ಮನೆಯವರು ತಮ್ಮ ಮೊಬೈಲಿನಲ್ಲಿ ನೋಡುವಂತಾಗಬೇಕು.

"ಗಿಡ ಇದ್ದಂಗ ಕಾಣಬೇಕ್ರಿ. ಆದ್ರ ಬುಡ ಮ್ಯಾಲ, ಟೊಂಗಿ ಕೆಳಗ."

ಇಂಥ ಕೆಲಸಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಅದನ್ನು ಗ್ರಾಫ್ ಬಿಡಿಸುವುದು ಎನ್ನುತ್ತಾರೆ. ಶಾಲೆಯಲ್ಲಿ ಕಲಿತ ಏರಿಳಿಯುವ ಗೀಟಿನ ಗ್ರಾಫಲ್ಲ ಅದು. ಚೌಕಗಳು, ಚೌಕಗಳ ನಡುವೆ ಗೆರೆಗಳು. 'ಶಿವಪ್ಪನಿಂದ ಬಸಪ್ಪ' ಎಂದು ಒಂದು ಸಾಲು ಬರೆದುಕೊಟ್ಟರೆ ಯಾವ ಚೌಕ ಎಲ್ಲಿ ಕೂಡಬೇಕು, ಗೆರೆ ಎಲ್ಲಿಂದ ಎಲ್ಲಿಗೆ ಹಾಯಬೇಕು ಎಂದು ಅದೇ ಲೆಕ್ಕ ಹಾಕಿ ಬಿಡಿಸಿಕೊಡುತ್ತದೆ. ನಾನು ಮಾಡಬೇಕಾದದ್ದು ಅದನ್ನು ಕ್ಲೌಡಿನಲ್ಲಿ ಓಡುವಂತೆ ಮಾಡುವುದು.

ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರಿನಲ್ಲಿ ನಮಗೆ ಸಿಗುವ ಬಾಡಿಗೆ ಕೋಣೆ. ನಾನು ಹಿಡಿದದ್ದು ಅತಿ ಸಣ್ಣದು. ಅಲ್ಲಿ ನಮಗೆ ಬೇಕಾದ ಸಾಮಾನು ಇನ್‌ಸ್ಟಾಲ್ ಮಾಡಿಕೊಳ್ಳಲು ಅಪ್ಪಣೆ ಇಲ್ಲ, ಬರುವಾಗ ಹೊತ್ತು ತಂದದ್ದಷ್ಟೇ. ಮೆಮೊರಿ ಕಡಿಮೆ. ರೀಸ್ಟಾರ್ಟ್ ಆದರೆ ನಾವು ಬರೆದಿಟ್ಟ ಫೈಲುಗಳೆಲ್ಲ ಗುಡಿಸಿ ಹೋಗುತ್ತವೆ. ಅರ್ಧ ಗಂಟೆ ಯಾರೂ ಬಾಗಿಲು ತಟ್ಟದಿದ್ದರೆ ಸರ್ವರ್ ಮಲಗಿಬಿಡುತ್ತದೆ. ಆಮೇಲೆ ಬಂದವರು ಅದು ಏಳುವವರೆಗೆ ಅರ್ಧ ನಿಮಿಷ ಕಾಯಬೇಕು.

ನನಗೊಂದು ಹಟವಿದೆ. ಒಂದು ಕೆಲಸಕ್ಕೆ ಹತ್ತು ಸಾಮಾನು ಬೇಕು ಎಂದರೆ ಒಂಬತ್ತನ್ನು ಬಿಟ್ಟು ನಡೆಯುತ್ತದೆಯೇ ಎಂದು ಮೊದಲು ನೋಡುತ್ತೇನೆ. ಅಡಿಗೆಮನೆಯಲ್ಲೂ ಹಾಗೆಯೇ, ನನ್ನ ಸಾರು ಉಂಡ ಮನೆಯವರಿಗೆ ಅದು ಗೊತ್ತು. ಈ ಸಾಫ್ಟ್‌ವೇರ್ ಹಾಗೆಯೇ ತೆಗೆದುಕೊಂಡರೆ ತನ್ನ ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಲೈಬ್ರರಿಗಳನ್ನು, ಬೇರೆಯವರು ಬರೆದಿಟ್ಟ ಕೋಡಿನ ಗಂಟುಗಳನ್ನು, ಎಳೆದು ತರುತ್ತದೆ. ಅಕ್ಷರ ಜೋಡಿಸಲು ಒಂದು, ಬಣ್ಣ ತುಂಬಲು ಒಂದು, ಪರದೆಯ ಮೇಲೆ ಕಿಟಕಿ ತೆರೆಯಲು ಮತ್ತೊಂದು. ನನಗೆ ಕಿಟಕಿ ಬೇಡ, ಬಣ್ಣವೂ ಬೇಡ. ಎಸ್‌ವಿಜಿ ಎಂಬ ರೂಪದಲ್ಲಿ ಪಟ ಬಂದರೆ ಸಾಕು. ಅದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ಕನ್ನಡದ ಒತ್ತಕ್ಷರ ಜೋಡಿಸುವ ಕೆಲಸವನ್ನು ನೋಡುವವರ ಮೊಬೈಲೇ ಮಾಡಿಕೊಳ್ಳುತ್ತದೆ. ಹಾಗಾಗಿ ಮೂಲ ಕೋಡ್ ಇಳಿಸಿಕೊಂಡು, 'ಇದು ಬೇಡ, ಅದೂ ಬೇಡ' ಎಂದು ಒಂದೊಂದೇ ಆಯ್ಕೆ ತೆಗೆದುಹಾಕಿ ಕಂಪೈಲ್ ಮಾಡಿದೆ, ಎಂದರೆ ಯಂತ್ರ ಓಡಿಸುವ ರೂಪಕ್ಕೆ ತಂದೆ. ಕೊನೆಗೆ ಉಳಿದದ್ದು ನಾಲ್ಕೈದು ಫೈಲು. ಅಂಗೈಯಲ್ಲಿ ಹಿಡಿಯುವಷ್ಟಾಯಿತು ಎಂದು ಹಿಗ್ಗಿದೆ.

ಕ್ಲೌಡಿಗೆ ಏರಿಸಿದರೆ ಅದು ಶುರುವೇ ಆಗಲಿಲ್ಲ. ನನ್ನ ಲ್ಯಾಪ್‌ಟಾಪಿನ ಮೂಲ ಲೈಬ್ರರಿ ಹೊಸದು, ಅಲ್ಲಿಯದು ಹಳೆಯದು, ಇಲ್ಲಿ ಕಟ್ಟಿದ್ದು ಅಲ್ಲಿ ಹೊಂದಲಿಲ್ಲ. ಆ ಕೋಣೆಯ ತದ್ರೂಪವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು, ಅದರೊಳಗೇ ಮತ್ತೆ ಕಂಪೈಲ್ ಮಾಡಿದೆ. ಈ ಸಲ ಶುರುವಾಯಿತು, ಆದರೆ ಎಸ್‌ವಿಜಿ ಎಂಬ ರೂಪವೇ ತನಗೆ ಗೊತ್ತಿಲ್ಲ ಎಂದಿತು. ಎರಡು ದಿನ ಹುಡುಕಿದ ಮೇಲೆ ತಿಳಿಯಿತು. ತನ್ನ ಹತ್ತಿರ ಯಾವ ಯಾವ ರೂಪ ಬಿಡಿಸುವ ಪ್ಲಗಿನ್ ಇದೆ ಎಂಬ ಪಟ್ಟಿಯನ್ನು ಅದು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಆ ಪಟ್ಟಿಯನ್ನು ನಾನು ತಂದಿರಲಿಲ್ಲ. ಅಲ್ಲಿ ಹೋಗಿ ಬರೆಯೋಣವೆಂದರೆ ಆ ಫೈಲು ಇರಬೇಕಾದ ಜಾಗದಲ್ಲಿ ಬರೆಯಲು ಅಪ್ಪಣೆ ಇಲ್ಲ. ಕಟ್ಟುವ ಹೊತ್ತಿನಲ್ಲೇ ಪಟ್ಟಿ ಬರೆಸಿ, ಜೊತೆಗೆ ಕಳಿಸಿದೆ. ಸಂಪಗಾಂವದ ಒಂದು ಮನೆತನದ ಆರು ಹೆಸರು ಕೊಟ್ಟು ನೋಡಿದೆ. ಪಟ ಬಂತು.

ಬಂದ ಪಟದಲ್ಲಿ ಹೆಸರುಗಳು ಚೌಕ ದಾಟಿ ಹೊರಗೆ ಚಾಚಿಕೊಂಡಿದ್ದವು. ಅಕ್ಷರ ಅಳೆಯುವ ಲೈಬ್ರರಿಯನ್ನು ನಾನೇ ಬಿಟ್ಟಿದ್ದೆನಲ್ಲ. ಅದಿಲ್ಲದಿದ್ದರೆ ಸಾಫ್ಟ್‌ವೇರ್ ಅಂದಾಜಿನ ಮೇಲೆ ಅಗಲ ಹಿಡಿಯುತ್ತದೆ, ಆ ಅಂದಾಜು ಇಂಗ್ಲಿಷ್ ಅಕ್ಷರಗಳದ್ದು. ಮಾಡಿದ್ದುಣ್ಣೋ ಮಹರಾಯ. ಕನ್ನಡದ ಅಕ್ಷರಗಳನ್ನು ಎಣಿಸಿ, ಅಕ್ಷರಕ್ಕಿಷ್ಟು ಎಂದು ಅಗಲವನ್ನು ನಾನೇ ಹೇಳಿಕೊಡುವಂತೆ ಮಾಡಿದೆ. ಹೆಸರು ಚೌಕದೊಳಗೆ ಕೂತಿತು. ಆದರೆ ಗಂಡನ ಹೆಸರು, ಹೆಂಡತಿಯ ಹೆಸರು, ಅವಳ ತವರೂರು, ಮೂರೂ ಸೇರಿದಾಗ ಚೌಕ ಎಷ್ಟು ಅಗಲವಾಯಿತೆಂದರೆ ಮೊಬೈಲಿನಲ್ಲಿ ಒಂದು ತಲೆಮಾರು ನೋಡಲು ನಾಲ್ಕು ಸಲ ಸರಿಸಬೇಕಾಯಿತು.

ಅಜ್ಜನ ಪುಸ್ತಕದಲ್ಲಿ ನಡುವೆ ಗಂಡಸಿನ ಹೆಸರು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೆಂಡತಿಯದು. ನಾನು ಆ ಸಣ್ಣ ಅಕ್ಷರವನ್ನು ಬಿಟ್ಟೆ. ಹೆಸರು, ತಂದೆಯ ಹೆಸರು, ಮೂಲ ಊರು, ಮೂರೇ ಕಾಲಂ. ಪಟ ಅಚ್ಚುಕಟ್ಟಾಗಿ ಪರದೆಯೊಳಗೆ ಬಂತು. ಹೆಣ್ಣಾಗಿ ನನಗೆ ಆಗ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು.

ಆಮೇಲೆ ಹನ್ನೊಂದು ಮಧ್ಯಾಹ್ನ ಅಜ್ಜ ಬಂದು ಕೂತರು. ಅವರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಪುಸ್ತಕ ಮುಂದಿರುತ್ತಿತ್ತು, ಆದರೆ ಅವರು ನೋಡುತ್ತಿದ್ದುದು ಕಡಿಮೆ. ಕಣ್ಣು ಮುಚ್ಚಿ, ಬಲಗೈ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತ ಒಂದೊಂದೇ ತಲೆಮಾರು ಇಳಿಯುತ್ತಿದ್ದರು. ಮೂರನೆಯ ದಿನ ಒಮ್ಮೆ ನಿಲ್ಲಿಸಿ ಕೇಳಿದರು.

"ಅಕ್ಕಾರ, ನಾ ಹೆಣ್ಣಮಕ್ಕಳ ಹೆಸರ ಹೇಳಿದಾಗ ನಿಮ್ಮ ಟೈಪ್ ಮಾಡೂ ಬಳ್ಳಿನ ಸಪ್ಪಳ ಕೇಳಸವಲ್ದು."

"ಅವನ್ನ ಆಮ್ಯಾಲ ಹಾಕೋಣ್ರಿ ಅಜ್ಜಾರ. ಈಗ ಜಾಗಾ ಸಾಲವಲ್ದು."

"ಹಂಗಂತೀರಿ" ಎಂದು ಮುಂದುವರಿಸಿದರು.

ಈ ಸಾಫ್ಟ್‌ವೇರಿಗೆ ಹೆಸರೇ ಗುರುತು, ಮೂರು ಪುಸ್ತಕದ ಹೆಸರುಗಳನ್ನೂ ನಾನು ಒಂದೇ ಪಟ್ಟಿಯಲ್ಲಿ ಹಾಕಿದ್ದೆ. ಒಂದೇ ಹೆಸರು ಎರಡು ಕಡೆ ಬಂದರೆ ಅದು ಒಂದೇ ಚೌಕ ಎಂದು ತಿಳಿದು ಎರಡನ್ನೂ ಕೂಡಿಸಿಬಿಡುತ್ತದೆ. ನಮ್ಮ ಕಡೆ ಓಣಿಗೆ ನಾಲ್ಕು ಬಸಪ್ಪ. ಅದಕ್ಕೆಂದೇ ನಾನು ಹೆಸರಿಗೆ ತಂದೆಯ ಹೆಸರನ್ನೂ ಮೂಲ ಊರನ್ನೂ ಅಂಟಿಸಿ ಗುರುತು ಮಾಡಿದ್ದೆ. ಶಿವಪ್ಪನ ಮಗ ಬಸಪ್ಪ, ಸಂಪಗಾಂವ. ಇನ್ನು ತಪ್ಪಲು ಎಡೆಯೇ ಇಲ್ಲ ಎಂದುಕೊಂಡೆ. ಪ್ರತಿದಿನ ಟೈಪು ಮಾಡಿದ್ದನ್ನು ಅಜ್ಜನಿಗೆ ಓದಿ ಹೇಳುತ್ತಿದ್ದೆ. ಅವರು "ಬರೋಬರಿ" ಎನ್ನುತ್ತಿದ್ದರು. ಒಂದೊಂದು ಸಾಲೂ ಬರೋಬರಿಯೇ ಇತ್ತು.

ಮುನವಳ್ಳಿಯ ಮನೆಯ ಪಟ ಬಿಡಿಸಿದ ದಿನ ಒಂದು ಗೆರೆ ಕೆಳಗಿನಿಂದ ಮೇಲಕ್ಕೆ ಹೋಗಿತ್ತು. ಪಟದ ಅಂಚಿಗುಂಟ ಬಳಸಿ, ಮೇಲಿನ ಚೌಕಕ್ಕೆ ಬಾಣದ ತುದಿ ಚುಚ್ಚಿತ್ತು. ಸಾಫ್ಟ್‌ವೇರ್ ಜಾಗ ಸಾಲದೆ ಗೆರೆಯನ್ನು ಸುತ್ತಿ ತಂದಿರಬೇಕು ಎಂದುಕೊಂಡೆ. ತಂದೆ ಮೇಲೆ, ಮಗ ಕೆಳಗೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ, ಬಾಣವೇಕೆ ಬೇಕು? ಬಾಣದ ತುದಿ ತೆಗೆಯುವ ಒಂದು ಪದ ಸೇರಿಸಿದೆ. ಗೆರೆಗಳೆಲ್ಲ ಬೋಳಾದವು, ಪಟ ಇನ್ನೂ ಚೆಂದವಾಯಿತು. ಯಂತ್ರ ಕೈ ಎತ್ತಿ ಏನೋ ಹೇಳಹೊರಟಿತ್ತು, ನಾನು ಅದರ ಕೈ ಇಳಿಸಿದೆ.

ಪಟದ ಲಿಂಕನ್ನು ಮನೆಮನೆಯವರ ಮೊಬೈಲಿಗೆ ಕಳಿಸಿದೆವು. ಕಿತ್ತೂರಿನವರು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಪಡಸಾಲೆಯಲ್ಲಿ ಹಾಕಿಕೊಂಡರು. ನನಗೆ ಬಂದ ದೂರು ಒಂದೇ, ತೆರೆಯಲು ತಡ. "ಸರ್ವರ್ ಮಲಗಿರತೈತ್ರಿ, ಏಳಾಕ ಅರ್ಧ ನಿಮಿಷ ಬೇಕು, ಸ್ವಲ್ಪ ತಡೀರಿ" ಎಂದು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುತ್ತಿದ್ದೆ. ಜನ ತಡೆಯುತ್ತಿದ್ದರು.

ಒಂದು ಬುಧವಾರ ಮುನವಳ್ಳಿಯಿಂದ ಫೋನ್ ಬಂತು. ಆ ಮನೆಯ ಹುಡುಗಿಯೊಬ್ಬಳು ರಾಮದುರ್ಗದ ದವಾಖಾನೆಯಲ್ಲಿ ಲ್ಯಾಬ್ ಕೆಲಸ ಮಾಡುತ್ತಾಳೆ. ಸಂಪಗಾಂವದ ಒಂದು ಮನೆಯ ಹುಡುಗನಿಗೆ ಅವಳನ್ನು ಕೊಡುವ ಮಾತು ನಡೆದಿತ್ತು. ಮಾತಾಡಿದವರು ಹುಡುಗಿಯ ದೊಡ್ಡಪ್ಪ.

"ಅಕ್ಕಾರ, ನಿಮ್ಮ ಪಟದಾಗ ನಾವೂ ಸಂಪಗಾಂವದವರೂ ಒಂದ ಬುಡದವರು ಅಂತ ಐತಲ್ರಿ. ಹಂಗಾದ್ರ ಹುಡುಗ ಹುಡುಗಿ ಅಣ್ಣ-ತಂಗಿ ಆದರಲ್ಲ. ಹೆಣ್ಣ ಹೆಂಗ ಕೊಡೂದು?"

ಪಟ ತೆರೆದು ನೋಡಿದೆ. ಎರಡೂ ಮನೆಗಳ ಟೊಂಗೆಗಳು 'ಶಿವಪ್ಪನ ಮಗ ಬಸಪ್ಪ, ಸಂಪಗಾಂವ' ಎಂಬ ಒಂದೇ ಚೌಕದಿಂದ ಇಳಿದಿದ್ದವು. ಮುನವಳ್ಳಿಯವರು ಹಿಂದೊಮ್ಮೆ ಸಂಪಗಾಂವದಿಂದ ಎದ್ದು ಹೋದವರೆಂಬುದು ನನಗೂ ಗೊತ್ತಿತ್ತು. ಮೂರು ತಲೆಯಾಚೆಗೆ ಮನೆಯವರಿಗೇ ನೆನಪಿರುವುದಿಲ್ಲ. ಪುಸ್ತಕದಲ್ಲಿದ್ದದ್ದೇ ಪಟದಲ್ಲಿ ಬಂದಿರುತ್ತದೆ ಎಂದು ಹೇಳಿದೆ. ಆ ಮಾತು ಹೇಳಿದ್ದು ನಾನೇ.

"ಹೆಳವಪ್ಪ ಹಿಂದಿನ ವರ್ಷ ಬಂದಾಗ ಎರಡೂ ಬ್ಯಾರೆ ಬ್ಯಾರೆ ಬುಡ, ಬೀಗತನಕ್ಕ ಅಡ್ಡಿಲ್ಲ ಅಂದಿದ್ರು" ಎಂದರು ದೊಡ್ಡಪ್ಪ. "ವಯಸ್ಸಾತು ಅವರಿಗೆ. ಸೋಮವಾರ ಎರಡೂ ಕಡೆ ಹಿರ್‍ಯಾರು ಕೂಡತಾರ. ಇಲ್ಲಂತ ಹೇಳಿ ಮುಗಿಸಿಬಿಡತೇವಿ."

ಮರುದಿನ ಬೆಳಿಗ್ಗೆ ಅಜ್ಜ ಬಂದರು. ಸುದ್ದಿ ಅವರಿಗೂ ಮುಟ್ಟಿತ್ತು. ಚೀಲವನ್ನು ಹೆಗಲಿನಿಂದ ಇಳಿಸಿ ನನ್ನ ಮೇಜಿನ ಮೇಲಿಟ್ಟರು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನಗ ಬ್ಯಾರೆ ಬ್ಯಾರೆ ಅಂತ ನೆನಪೈತ್ರಿ. ಆದ್ರ ಮಶೀನ್ ಸುಳ್ಳ ಹೇಳತೈತೇನು? ಅದಕ್ಕ ಹೇಳಿದಾಂವ ನಾನ. ನನಗನ ಮರವು ಬಂದೈತಿ ಅಕ್ಕಾರ. ಒಂದು ಮನಿಗೆ ತಪ್ಪ ಹೇಳಿದ ಹೆಳವನ್ನ ಇನ್ನೊಂದು ಮನಿ ಯಾಕ ಕರೀಬೇಕು? ಪುಸ್ತಕ ನಿಮ್ಮ ಹಂತೇಕ ಇರ್ಲಿ. ಇನ್ನ ತಿರಗೂದು ಸಾಕು."

ಒಂದು ಚಹಾ ತರಿಸಿದೆ. ಕುಡಿಯದೆ ಎದ್ದು ಹೋದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಚೀಲ ಮೇಜಿನ ಮೇಲೆ ಇದ್ದಷ್ಟು ಹೊತ್ತು ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಗಿರಾಕಿಗಳಿಗೆ ನಾಳೆ ಬರಲು ಹೇಳಿ ಹಿಂದಿನ ಕೋಣೆಗೆ ಹೋದೆ. ನಾನು ಮಾಡಿದ ಬದಲಾವಣೆಗಳನ್ನು ಕೊನೆಯದರಿಂದ ಹಿಂದಕ್ಕೆ ಒಂದೊಂದಾಗಿ ತೆಗೆಯುತ್ತ ಹೋದೆ. ಮೂರನೆಯದೋ ನಾಲ್ಕನೆಯದೋ ಬಾಣದ ತುದಿಯದ್ದು. ಅದನ್ನು ತೆಗೆದಾಗ ಬಾಣಗಳು ಮತ್ತೆ ಬಂದವು, ಮೇಲಕ್ಕೆ ಹೋದ ಗೆರೆಯೂ ಬಂತು. ಈ ಸಲ ಅದನ್ನು ಬೆರಳಿಟ್ಟು ಹಿಂಬಾಲಿಸಿದೆ. ಬಸಪ್ಪನಿಂದ ಶಿವಪ್ಪ. ಶಿವಪ್ಪನಿಂದ ಮತ್ತೆ ಅದೇ ಬಸಪ್ಪ. ಮುನವಳ್ಳಿಯ ಮನೆಯಲ್ಲಿ ಒಬ್ಬ ಮನುಷ್ಯ ತನ್ನ ಮಗನ ಹೊಟ್ಟೆಯಲ್ಲೇ ಮತ್ತೆ ಹುಟ್ಟಿದ್ದ.

ನಮ್ಮಲ್ಲಿ ಮೊಮ್ಮಗನಿಗೆ ಮುತ್ತ್ಯಾನ, ಎಂದರೆ ಅಪ್ಪನ ಅಪ್ಪನ, ಹೆಸರಿಡುತ್ತಾರೆ. ಶಿವಪ್ಪನ ಮಗ ಬಸಪ್ಪ. ಬಸಪ್ಪನ ಮಗ ಶಿವಪ್ಪ, ತನ್ನ ಮುತ್ತ್ಯಾನ ಹೆಸರು. ಆ ಶಿವಪ್ಪನ ಮಗ ಮತ್ತೆ ಬಸಪ್ಪ. ಮುತ್ತ್ಯಾ ಮೊಮ್ಮಗ ಇಬ್ಬರೂ 'ಶಿವಪ್ಪನ ಮಗ ಬಸಪ್ಪ, ಸಂಪಗಾಂವ'. ನನ್ನ ಮನೆಯಲ್ಲೂ ಹೀಗೆಯೇ ಇದೆ. ನನ್ನ ಅಣ್ಣನ ಮಗನನ್ನು ಅವ್ವ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಗಂಡನ ಹೆಸರೆಂದು. ಅಷ್ಟು ಕಣ್ಣ ಮುಂದಿದ್ದ ಪದ್ಧತಿ ಕೀಬೋರ್ಡಿನ ಮುಂದೆ ಕೂತಾಗ ನೆನಪಾಗಲಿಲ್ಲ. ಸಂಪಗಾಂವದ ಮನೆಯಲ್ಲೂ ಒಬ್ಬ ಶಿವಪ್ಪನ ಮಗ ಬಸಪ್ಪನಿದ್ದ. ಸಾಫ್ಟ್‌ವೇರ್ ಮೂವರನ್ನೂ ಒಂದೇ ಚೌಕಕ್ಕೆ ತುಂಬಿ ಎರಡು ಮನೆತನವನ್ನು ಒಂದು ಮಾಡಿತ್ತು. ಒಂದೊಂದು ಸಾಲೂ ಖರೆ, ಪಟ ಸುಳ್ಳು.

ತಪ್ಪು ಎಲ್ಲಿದೆ ಎಂಬುದು ತಿಳಿಯಿತು. ಮೂವರು ಬಸಪ್ಪರನ್ನು ಬೇರೆ ಮಾಡುವುದು ಹೇಗೆ ಎಂಬುದು ಉಳಿಯಿತು. ಒಬ್ಬೊಬ್ಬರಿಗೆ ಒಂದು ನಂಬರ್ ಕೊಡಬಹುದು. ಆದರೆ ಎರಡು ಪುಸ್ತಕಗಳಲ್ಲಿ ಬರುವ ಬಸಪ್ಪ ಒಬ್ಬನೋ ಇಬ್ಬರೋ ಎಂದು ತಿಳಿಯದೆ ನಂಬರ್ ಹೇಗೆ ಕೊಡುವುದು? ಅಜ್ಜನಿಗೆ ಫೋನ್ ಮಾಡಿ, ಬರಲೇಬೇಕು ಎಂದೆ. ಶುಕ್ರವಾರ ಬಂದರು, ಒಲ್ಲದ ಮನಸ್ಸಿನಿಂದ.

"ಅಜ್ಜಾರ, ಪುಸ್ತಕ ಬ್ಯಾಡ. ನಿಮ್ಮ ಮುಂದ ಇಬ್ಬರು ಬಸಪ್ಪ ಬಂದ್ರು, ಇಬ್ಬರ ಅಪ್ಪಾನೂ ಶಿವಪ್ಪ, ಇಬ್ಬರ ಊರೂ ಒಂದ. ಯಾಂವ ಯಾಂವ ಅಂತ ನೀವು ಹೆಂಗ ಹಿಡೀತೀರಿ?"

ಅವರು ನನ್ನನ್ನು ಸಣ್ಣ ಕೂಸನ್ನು ನೋಡುವಂತೆ ನೋಡಿದರು.

"ಅವ್ವನ್ನ ಹಿಡದ್ರಿ. ಗಂಗವ್ವನ ಹೊಟ್ಟೀಲೆ ಹುಟ್ಟಿದ ಬಸಪ್ಪ ಬ್ಯಾರೆ, ಬಾಳವ್ವನ ಹೊಟ್ಟೀಲೆ ಹುಟ್ಟಿದ ಬಸಪ್ಪ ಬ್ಯಾರೆ. ಅಪ್ಪನ ಹೆಸರ ತಿರಗಿ ತಿರಗಿ ಬರತೈತಿ. ಅವ್ವ ಬ್ಯಾರೆ ಊರಾಕಿ ಇರತಾಳಲ್ಲ, ಆಕಿ ಹೆಸರ, ಆಕಿ ತವರ, ಎರಡೂ ಕೂಡಿ ತಿರಗಿ ಬರೂದಿಲ್ಲ. ಅದಕ್ಕ ನಮ್ಮ ಹಿರ್‍ಯಾರು ಬರದಿಟ್ಟಾರ. ಸಣ್ಣ ಅಕ್ಷರದಾಗ ಬರದ್ರೂ ಬಿಟ್ಟಿಲ್ಲ."

ನಾನು ಬಿಟ್ಟಿದ್ದೆ. ಬೇಡದ ಸಾಮಾನು ಎಂದು ತೆಗೆದುಹಾಕಿದ್ದೇ ಇಡೀ ವಂಶಾವಳಿ ನಿಂತಿದ್ದ ಕಂಬವಾಗಿತ್ತು. ನನಗೆ ನಾಚಿಕೆಯಾಯಿತು, ಅದನ್ನು ಅವರಿಗೆ ಹೇಳಿದೆ.

"ಅಜ್ಜಾರ, ನಿಮಗ ಮರವು ಬಂದಿಲ್ರಿ. ತಪ್ಪ ನಂದು."

ಅಜ್ಜ ಮೇಜಿನ ಮೇಲಿದ್ದ ಚೀಲದ ಕಡೆ ನೋಡಿದರು. "ನೀವಂದ್ರ ಏನ ಬಂತ್ರಿ? ಮಂದಿ ನಂಬಬೇಕಲ್ಲ" ಎಂದರು.

ಅದೂ ಸರಿಯೇ. ಪಟವನ್ನು ಅಂದೇ ತಿದ್ದಿ, 'ಮತ್ತೆ ನೋಡಿ' ಎಂದು ಮುನವಳ್ಳಿಗೆ ಒಂದು ಸಂದೇಶ ಕಳಿಸಬಹುದಿತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುತ್ತಿತ್ತು. ಆದರೆ ಬುಧವಾರ ಒಂದು ಹೇಳಿದ ಪಟ ಸೋಮವಾರ ಇನ್ನೊಂದು ಹೇಳಿದರೆ, ಹೆಳವ ಹೋಗಿ ತಿದ್ದಿಸಿಕೊಂಡು ಬಂದ ಎಂದೇ ಜನ ಅನ್ನುತ್ತಾರೆ. ಹಾಗಾಗಿ ಎರಡು ನಿರ್ಧಾರ ಮಾಡಿದೆ. ಒಂದು, ಮೂರು ಪುಸ್ತಕದ ಎಲ್ಲ ತಾಯಂದಿರ ಹೆಸರೂ ಸೇರುವವರೆಗೆ ಪಟಗಳನ್ನೆಲ್ಲ ಕ್ಲೌಡಿನಿಂದ ಇಳಿಸುವುದು. ಇನ್ನೊಂದು, ಸೋಮವಾರ ನಾನೇ ಮುನವಳ್ಳಿಗೆ ಹೋಗಿ ಎಲ್ಲರ ಮುಂದೆ ಹೇಳುವುದು.

ಶನಿವಾರ, ಭಾನುವಾರ ಆ ಎರಡು ಮನೆಗಳ ಹೆಸರುಗಳನ್ನು ಮೊದಲಿನಿಂದ ಹಾಕಿದೆ. ಗುರುತಿಗೆ ಈಗ ಹೆಸರು, ತಾಯಿಯ ಹೆಸರು, ತಾಯಿಯ ತವರೂರು. ಅಗಲದ ತೊಂದರೆಗೆ, ತಾಯಿಯ ಹೆಸರನ್ನು ಪಕ್ಕದಲ್ಲಿಡದೆ ಮಗನ ಹೆಸರಿನ ಮೇಲಿನ ಸಾಲಿನಲ್ಲಿಟ್ಟೆ. ಚೌಕ ಎತ್ತರವಾಯಿತು, ಅಗಲವಾಗಲಿಲ್ಲ. ಅಷ್ಟು ಸಣ್ಣ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಬಾಣಗಳನ್ನು ಹಾಗೆಯೇ ಉಳಿಸಿಕೊಂಡೆ. ಲ್ಯಾಪ್‌ಟಾಪಿನಲ್ಲೇ ಪಟ ಬಿಡಿಸಿ ನನ್ನ ಮೊಬೈಲಿಗೆ ಹಾಕಿಕೊಂಡೆ. ಎಲ್ಲ ಬಾಣಗಳೂ ಕೆಳಮುಖವಾಗಿದ್ದವು. ಎರಡು ಬುಡ, ಎರಡು ಗಿಡ. ಒಂದರ ಟೊಂಗೆ ಇನ್ನೊಂದಕ್ಕೆ ಎಲ್ಲೂ ತಾಗಿರಲಿಲ್ಲ.

ಸೋಮವಾರ ಅಜ್ಜನೂ ನಾನೂ ಬಸ್ಸಿನಲ್ಲಿ ಮುನವಳ್ಳಿಗೆ ಹೋದೆವು. ಪುಸ್ತಕದ ಚೀಲ ನನ್ನ ಹೆಗಲಿಗಿತ್ತು. ಅವರು ಅದನ್ನು ಕೇಳಲಿಲ್ಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹುಡುಗಿಯ ದೊಡ್ಡಪ್ಪ, ಸಂಪಗಾಂವದಿಂದ ಬಂದ ಹುಡುಗನ ಕಾಕಾ, ಇನ್ನೂ ನಾಲ್ಕೈದು ಹಿರಿಯರು ಕೂತಿದ್ದರು. ಕಂಬಕ್ಕೆ ಒರಗಿ ಹುಡುಗಿಯ ಆಯಿ, ದೊಡ್ಡಪ್ಪನ ತಾಯಿ. ಅಡಿಗೆಮನೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು, ಕೆಲಸಕ್ಕೆ ರಜೆ ಹಾಕಿ ಬಂದಿದ್ದಳಂತೆ. ನಾನು ಸುತ್ತಿಬಳಸದೆ ಹೇಳಿದೆ.

"ಅಜ್ಜಾರು ಹೇಳಿದ್ದು ಖರೆ ಐತ್ರಿ. ಪಟ ತಪ್ಪಿತ್ತು. ಅವರು ತಾಯಂದಿರ ಹೆಸರ ಹೇಳಿದ್ರು, ನಾ ಬರಕೊಳ್ಳಲಿಲ್ಲ. ಅದಕ್ಕ ಮುತ್ತ್ಯಾ ಮೊಮ್ಮಗ ಒಂದಾದ್ರು, ನಿಮ್ಮ ಎರಡ ಮನಿ ಒಂದಾದವು."

ದೊಡ್ಡಪ್ಪ ಗಡ್ಡ ಕೆರೆದುಕೊಂಡರು. "ಬುಧವಾರ ಪಟ ಬರೋಬರಿ ಅಂದ್ರಿ. ಇವತ್ತ ತಪ್ಪ ಅಂತೀರಿ. ನಾವು ಯಾವದನ್ನ ನಂಬೂದು?"

"ಪಟಾ ಬಾಜೂಕಿಡ್ರಿ" ಎಂದರು ಹುಡುಗನ ಕಾಕಾ. "ಹೆಳವಪ್ಪ ಬಾಯಿಲೆ ಹೇಳಲಿ. ಪುಸ್ತಕ ಬ್ಯಾಡ."

ಅಜ್ಜ ನನ್ನ ಕಡೆ ನೋಡಲಿಲ್ಲ. ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಟ್ಟು ಶುರುಮಾಡಿದರು. ಮೊದಲು ಸಂಪಗಾಂವದ ಮನೆ. ಏಳು ತಲೆ, ಎಲ್ಲೂ ತಡೆಯಲಿಲ್ಲ. ಆಮೇಲೆ ಮುನವಳ್ಳಿಯದು.

"ಬುಡಕ್ಕ ಶಿವಪ್ಪ. ಶಿವಪ್ಪನ ಹೆಂಡತಿ ಗಂಗವ್ವ, ತವರ ಬೆಳವಡಿ. ಗಂಗವ್ವನ ಹೊಟ್ಟೀಲೆ ಬಸಪ್ಪ. ಬಸಪ್ಪನ ಹೆಂಡತಿ ನೀಲವ್ವ, ತವರ ನೇಸರಗಿ. ನೀಲವ್ವನ ಹೊಟ್ಟೀಲೆ ಶಿವಪ್ಪ. ಶಿವಪ್ಪನ ಹೆಂಡತಿ..."

ತೊಡೆಯ ಮೇಲಿನ ಕೈ ನಿಂತಿತು.

ಸಂಪಗಾಂವ ಬಿಟ್ಟು ಮುನವಳ್ಳಿಗೆ ಬಂದ ಬಸಪ್ಪನ ತಾಯಿಯ ಹೆಸರು ಅದು. ಎರಡೂ ಮನೆಯನ್ನು ಬೇರೆ ಮಾಡುವ ಹೆಸರೇ ಅದು. ಶುಕ್ರವಾರ ನನ್ನ ಅಂಗಡಿಯಲ್ಲಿ ಅಜ್ಜನ ಬಾಯಿಯಿಂದ ತಾನಾಗಿ ಬಂದಿತ್ತು. ನನ್ನ ಕೈಯಲ್ಲಿ ಮೊಬೈಲಿತ್ತು, ಅದರಲ್ಲಿ ತಿದ್ದಿದ ಪಟ ತೆರೆದೇ ಇತ್ತು. ಬಾಯಿಬಿಟ್ಟರೆ ಮೂರಕ್ಷರ. ಬಾಗಿಲಲ್ಲಿದ್ದ ಹುಡುಗಿ ನನ್ನ ಮೊಬೈಲನ್ನೇ ನೋಡುತ್ತಿದ್ದಳು. ದೊಡ್ಡಪ್ಪನೂ ನೋಡಿದರು.

ಹೇಳಿಕೊಟ್ಟರೆ ಲಗ್ನದ ಮಾತು ಮುಂದೆ ಹೋದೀತು. ಅಜ್ಜ ಮಾತ್ರ ಅಲ್ಲಿಗೆ ಮುಗಿದಂತೆಯೇ. ಮೊಬೈಲನ್ನು ಜಮಖಾನೆಯ ಮೇಲೆ ಬೋರಲು ಹಾಕಿದೆ. ಹಿತ್ತಲಲ್ಲಿ ಯಾರೋ ಕೊಡ ಇಟ್ಟ ಸಪ್ಪಳ ಕೇಳಿಸಿತು.

ಅಜ್ಜ ಕಣ್ಣು ತೆರೆಯದೆ ಹಿಂದಕ್ಕೆ ಹೋದರು. ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಗಂಗವ್ವ, ಬೆಳವಡಿ. ನೀಲವ್ವ, ನೇಸರಗಿ. ಕೈ ಮತ್ತೆ ತೊಡೆ ತಟ್ಟತೊಡಗಿತು.

"ನೀಲವ್ವನ ಹೊಟ್ಟೀಲೆ ಶಿವಪ್ಪ. ಶಿವಪ್ಪನ ಹೆಂಡತಿ ಬಾಳವ್ವ, ತವರ ಹೊಸೂರ. ಬರೂವಾಗ ತವರಿಂದ ಒಂದು ಕಪ್ಪ ಆಕಳ ಹೊಡಕೊಂಡ ಬಂದಾಕಿ. ಬಾಳವ್ವನ ಹೊಟ್ಟೀಲೆ ಬಸಪ್ಪ. ಈ ಬಸಪ್ಪ ಊರ ಬಿಟ್ಟ ಮುನವಳ್ಳಿಗೆ ಬಂದ, ಅವ್ವನ ಆಕಳಾನೂ ಹೊಡಕೊಂಡ ಬಂದ."

ಆಕಳ ಸಂಗತಿ ನನ್ನ ಪಟದಲ್ಲಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ, ಆಮೇಲೆ ತೆಗೆದು ನೋಡಿದೆ.

ಕಂಬಕ್ಕೆ ಒರಗಿದ್ದ ಆಯಿ ಸೆರಗು ಸರಿಮಾಡಿಕೊಂಡಳು. "ಅದರ ತಳಿ ಇನ್ನೂ ನಮ್ಮ ಹಿತ್ತಲದಾಗ ಐತಿ" ಎಂದಳು ಮಗನಿಗೆ. "ಬಾಳವ್ವನ ಆಕಳ ಅಂತನ ನಮ್ಮತ್ತಿ ಕರೀತಿದ್ಲು. ಯಾವ ಬಾಳವ್ವ ಅಂತ ನನಗ ಇವತ್ತ ತಿಳೀತು."

ದೊಡ್ಡಪ್ಪ ಹುಡುಗನ ಕಾಕಾನ ಕಡೆ ನೋಡಿದರು. ಕಾಕಾ ತಲೆಯಾಡಿಸಿದರು. "ಬುಡ ಬ್ಯಾರೆ ಐತಿ ಬಿಡ್ರಿ" ಎಂದರು. ಬಾಗಿಲಲ್ಲಿದ್ದ ಹುಡುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಮೊದಲ ಕಪ್ಪನ್ನು ಅವಳೇ ಅಜ್ಜನ ಕೈಗೆ ಕೊಟ್ಟಳು. ಅಜ್ಜ ಪೂರ್ತಿ ಕುಡಿದರು.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಾಗ ಅಜ್ಜ ಕೇಳಿದರು.

"ಅಕ್ಕಾರ, ನಾ ನಿಂತಾಗ ಆ ಹೆಸರ ನಿಮ್ಮ ಮೊಬೈಲಿನ್ಯಾಗ ಇತ್ತಿಲ್ರಿ?"

"ಇತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನನ್ನ ಸರ್ವರ್ ಏಳಾಕ ಅರ್ಧ ನಿಮಿಷ ಬೇಕು, ತಡೀರಿ ಅಂತ ಊರ ಮಂದಿಗೆಲ್ಲ ಹೇಳತಿದ್ನಿ. ನಿಮಗೂ ಅಷ್ಟ ಕೊಡಬೇಕಿತ್ತಲ್ರಿ."

ಅಜ್ಜ ನಕ್ಕರೋ ಇಲ್ಲವೋ, ಮೀಸೆಯಲ್ಲಿ ಗೊತ್ತಾಗಲಿಲ್ಲ. ಬೈಲಹೊಂಗಲದ ಬಸ್ಸು ಬಂತು. ನಾನು ಎದ್ದೆ, ಅವರು ಏಳಲಿಲ್ಲ. ಕೈ ಮಾತ್ರ ಮುಂದೆ ಚಾಚಿದರು.

"ಚೀಲ ಇಲ್ಲಿ ಕೊಡ್ರಿ. ನಾ ರಾಮದುರ್ಗದ ಬಸ್ ಹಿಡೀತೇನಿ. ಅಲ್ಲಿ ಎಂಟ ಮನಿ ಉಳದಾವು."